ಸಂಬಳದಲ್ಲಿ ವಿಮೆ ಹಿಡಿದ ಮಹಾರಾಜ

ಮಂಡಕಳ್ಳಿಯ ನಮ್ಮನೆ ಹತ್ರ ಬೆಳಗಾದರೆ ಕಡಕೊಳ, ನಂಜನಗೂಡು ಕಡೆಯ ಫ್ಯಾಕ್ಟರಿ ಬಸ್ಸುಗಳ ಸಾಲು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಅದೇ ವರ್ಷ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಕಡ್ಡಾಯ ಜೀವವಿಮೆ ತಂದಿತು. ಎರಡೂ ಆದದ್ದು ಹತ್ತನೇ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ. ಅರಮನೆ ಉತ್ತರ ಬಾಗಿಲ ಎದುರು ಸರ್ಕಲ್ಲಿನಲ್ಲಿ ನಿಂತಿದ್ದಾರಲ್ಲ, ಅವರೇ.

ಹುಟ್ಟಿದ್ದು 1863ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತಗೊಂಡ ಹುಡುಗ. ಐದು ವರ್ಷಕ್ಕೇ ಪಟ್ಟ ಕಟ್ಟಿದರೂ ಆಳುತ್ತಿದ್ದುದು ಬ್ರಿಟಿಷ್ ಕಮಿಷನರ್. 1876-78ರ ಬರದಲ್ಲಿ ಲಕ್ಷಾಂತರ ಜನ ಸತ್ತು, ಸಾಲದಲ್ಲಿ ಮುಳುಗಿದ್ದ ರಾಜ್ಯ 1881ರಲ್ಲಿ ಕೈಗೆ ಬಂದಾಗ ಅವರಿಗೆ 18. ದಿವಾನ್ ರಂಗಾಚಾರ್ಲು ಜೊತೆ ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು. ಅಧಿಕಾರವೇನೂ ಇರದ ಸಭೆ, ಆದ್ರೂ ಜನರ ಅಹವಾಲು ಕೇಳೋ ಜಾಗವೊಂದು ಹುಟ್ಟಿತು. 1883ರಲ್ಲಿ ರಂಗಾಚಾರ್ಲು ತೀರಿಕೊಂಡ ಮೇಲೆ ಬಂದವರು ಶೇಷಾದ್ರಿ ಅಯ್ಯರ್.

ವಿಮೆಯ ಲೆಕ್ಕ ಸರಳ. ನೌಕರನ ಸಂಬಳದಲ್ಲೇ ಕಂತು ಹಿಡಿಯೋದು, ಸತ್ತರೆ ಮನೆಯವರಿಗೆ ಹಣ. ಬೇಕಾದವರು ಮಾತ್ರ ಸೇರಿ ಅಂದಿದ್ದರೆ ಕಾಯಿಲೆಯವರೇ ಹೆಚ್ಚು ಸೇರಿ ಕಂತು ಏರುತ್ತಿತ್ತು. ಎಲ್ಲರೂ ಸೇರಲೇಬೇಕು ಅಂದಾಗ ಗಟ್ಟಿಮುಟ್ಟಾದವನ ಕಂತು ಕಾಯಿಲೆಯವನ ಮನೆ ಕಾಯುತ್ತೆ. ಇಂದಿನ ಕೆಜಿಐಡಿಯ ಬುಡ ಇದೇ. ಆದರೆ ಆಸ್ಪತ್ರೆ ಖರ್ಚು ಅದರಲ್ಲಿರಲಿಲ್ಲ. ರೈತ, ಕೂಲಿಯವ ಅದರೊಳಗೆ ಬರಲೇ ಇಲ್ಲ. ಮಹಾರಾಜರನ್ನ ಹೊಗಳುವವರು ಇದನ್ನ ಮರೀತಾರೆ.

1894ರ ಡಿಸೆಂಬರ್. ಕಲ್ಕತ್ತೆಗೆ ಹೋಗಿದ್ದ ಮಹಾರಾಜರಿಗೆ ಗಂಟಲಮಾರಿ ತಗುಲಿತು. ಅದಕ್ಕೆ ಸೀರಮ್ ಔಷಧಿ ಯುರೋಪಿನಲ್ಲಿ ಸುದ್ದಿಯಾಗಿದ್ದೂ ಅದೇ ವರ್ಷ. ಮಹಾರಾಜರು ಅಲ್ಲೇ ತೀರಿಕೊಂಡರು, 31 ವರ್ಷಕ್ಕೆ. ಮಗ ನಾಲ್ವಡಿಗೆ ಹತ್ತು. ಪತ್ನಿ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರಾಜ್ಯ ನಡೆಸಿದರು.

ಖಾಸಗಿ ಕಾರ್ಮಿಕರಿಗೆ ಇಎಸ್‌ಐ ಕಾಯ್ದೆ ಬಂದದ್ದು 1948ರಲ್ಲಿ. ಅದರ ಸಂಬಳದ ಮಿತಿ 2017ರಲ್ಲಿ 21,000 ರೂಪಾಯಿಗೆ ಏರಿತು. ನಮ್ಮಣ್ಣನ ಸಂಬಳ ಆ ಗೆರೆ ದಾಟಿತು, ಇಎಸ್‌ಐ ಕಾರ್ಡು ಹೋಯ್ತು. ಕಾರ್ಡಿದ್ದಾಗ ಅಪ್ಪ, ಅಮ್ಮನಿಗೂ ಚಿಕಿತ್ಸೆ ಸಿಗ್ತಿತ್ತು. ಈಗ ಕಂಪನಿ ಕೊಟ್ಟಿರೋ ಗ್ರೂಪ್ ಪಾಲಿಸಿಯಲ್ಲಿ ಅವರಿಲ್ಲ, ಕೆಲಸ ಬಿಟ್ಟರೆ ಅದೂ ಇಲ್ಲ. ಸಕ್ಕರೆ ಕಾಯಿಲೆಯ ಅಪ್ಪನಿಗೆ ಬೇರೆ ಪಾಲಿಸಿ ಕೇಳಿದರೆ ವರ್ಷದ ಕಂತು ಅಣ್ಣನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಇನ್ನೂ ಮಾಡಿಸಿಲ್ಲ.