ಬಾಸ್ ನಂಬದೇ ಹೋದಾಗ ಫ್ಯಾರಡೆ ಏನು ಮಾಡಿದರು?

ಫ್ಯಾರಡೆ ನಿಯಮವನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ. ಆದರೆ ಆ ನಿಯಮ ಹುಟ್ಟುವ ಹತ್ತು ವರ್ಷ ಮೊದಲು, ಬೇರೆಯವರ ಐಡಿಯಾ ಕದ್ದರು ಅಂತ ಮೈಕೆಲ್ ಫ್ಯಾರಡೆ ಮೇಲೆ ಆರೋಪ ಬಂದಿತ್ತು ಅನ್ನೋದು ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿಲ್ಲ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ ಪಕ್ಕದಲ್ಲಿ. ಅಪ್ಪ ಕಮ್ಮಾರ, ಓದಿಸೋಕೆ ದುಡ್ಡಿರಲಿಲ್ಲ. ಹದಿನಾಲ್ಕಕ್ಕೇ ಬುಕ್ ಬೈಂಡಿಂಗ್ ಅಂಗಡಿ ಸೇರಿದ ಹುಡುಗ, ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತ. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ, ನೋಟ್ಸ್ ಮಾಡಿ, ಅದನ್ನು ಬೈಂಡ್ ಮಾಡಿ ಅವರಿಗೇ ಕಳಿಸಿದ. ಮರುವರ್ಷ ಅವರ ಲ್ಯಾಬ್‌ನಲ್ಲೇ ಸಹಾಯಕನ ಕೆಲಸ ಸಿಕ್ಕಿತು. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಇರೋಕೆ ಮಹಡಿ ಮೇಲೆ ಎರಡು ಕೋಣೆ.

ಅದೇ ವರ್ಷ ಡೇವಿ ದಂಪತಿ ಯೂರೋಪ್ ಪ್ರವಾಸ ಹೊರಟಾಗ ಫ್ಯಾರಡೆಯೂ ಜೊತೆಗೆ ಹೋದರು. ಡೇವಿಯವರ ಹೆಂಡತಿ ಅವರನ್ನು ಆಳಿನ ಹಾಗೆ ನಡೆಸಿಕೊಂಡರು. ಬಿಟ್ಟು ವಾಪಸ್ ಹೋಗಿಬಿಡೋಣ ಅಂತ ಅನ್ನಿಸಿದ್ದೂ ಉಂಟು. ಹೋಗಲಿಲ್ಲ. ಆಂಪಿಯರ್, ವೋಲ್ಟಾ ಅಂಥವರನ್ನು ಕಂಡಿದ್ದು ಆ ಪ್ರವಾಸದಲ್ಲೇ.

ದೊಡ್ಡ ಪೆಟ್ಟು ಬಿದ್ದಿದ್ದು 1821ರಲ್ಲಿ. ಕರೆಂಟ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಫ್ಯಾರಡೆ ಮಾಡಿ ತೋರಿಸಿದರು. ಇವತ್ತಿನ ಮೋಟರ್‌ನ ಬೇರು ಅಲ್ಲೇ ಇದೆ. ಆದರೆ ವೊಲಾಸ್ಟನ್ ಮತ್ತು ಡೇವಿ ಅದಕ್ಕೆ ಹತ್ತಿರದ ಪ್ರಯೋಗ ಮೊದಲೇ ಮಾಡಿ ನೋಡಿದ್ದರು. ಫ್ಯಾರಡೆ ತಮ್ಮ ಲೇಖನದಲ್ಲಿ ಅವರ ಹೆಸರು ಹಾಕಿರಲಿಲ್ಲ. ಅದು ತಪ್ಪೇ. ಗುಸುಗುಸು ಶುರುವಾದ ತಕ್ಷಣ ಅವರು ನೇರವಾಗಿ ವೊಲಾಸ್ಟನ್ ಜೊತೆಗೇ ಮಾತಾಡಿದರು. ವೊಲಾಸ್ಟನ್ ಅದನ್ನು ಅಲ್ಲಿಗೇ ಬಿಟ್ಟರು. ಡೇವಿ ಮನಸ್ಸು ಮಾತ್ರ ತಿಳಿಯಾಗಲಿಲ್ಲ. 1823ರಲ್ಲಿ ಫ್ಯಾರಡೆ ಹೆಸರು ರಾಯಲ್ ಸೊಸೈಟಿ ಸದಸ್ಯತ್ವಕ್ಕೆ ಬಂದಾಗ, ಅಧ್ಯಕ್ಷರಾಗಿದ್ದ ಡೇವಿಯೇ ವಿರೋಧಿಸಿದರು. ಆದರೂ 1824ರಲ್ಲಿ ಫ್ಯಾರಡೆ ಗೆದ್ದರು, ವಿರುದ್ಧ ಬಿದ್ದಿದ್ದು ಒಂದೇ ಮತ.

ಆಮೇಲೂ ಅವರು ಲ್ಯಾಬ್ ಬಿಡಲಿಲ್ಲ. ವಿಚಿತ್ರ ಅಂದರೆ, 1825ರಲ್ಲಿ ಅವರನ್ನು ಲ್ಯಾಬ್‌ನ ನಿರ್ದೇಶಕರನ್ನಾಗಿ ಮಾಡಿ ಅಂತ ಶಿಫಾರಸು ಮಾಡಿದ್ದೂ ಡೇವಿಯೇ. 1827ರಲ್ಲಿ ಲಂಡನ್ನಿನ ಹೊಸ ವಿಶ್ವವಿದ್ಯಾಲಯ ಪ್ರೊಫೆಸರ್ ಹುದ್ದೆ ಕೊಡುತ್ತೇವೆ ಅಂತು. ತನ್ನನ್ನು ಬೆಳೆಸಿದ ಸಂಸ್ಥೆಯ ಋಣ ಇನ್ನೂ ಇದೆ ಅಂತ ಬೇಡ ಅಂದರು.

ಉಳಿದಿದ್ದಕ್ಕೆ ಬೆಲೆಯನ್ನೂ ಕೊಟ್ಟರು. ರಾಯಲ್ ಸೊಸೈಟಿಗಾಗಿ ಒಳ್ಳೇ ಲೆನ್ಸ್ ಗಾಜು ತಯಾರಿಸೋ ಕೆಲಸದಲ್ಲಿ ವರ್ಷಗಟ್ಟಲೆ ಸಮಯ ಹೋಯಿತು. 1829ರಲ್ಲಿ ಡೇವಿ ತೀರಿಕೊಂಡರು. 1831ರಲ್ಲಿ ಫ್ಯಾರಡೆ ಗಾಜಿನ ಕೆಲಸದಿಂದ ಬಿಡಿಸಿಕೊಂಡರು. ಅದೇ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ, ಒಂದಕ್ಕೆ ಬ್ಯಾಟರಿ ಕೊಟ್ಟು ತೆಗೆದಾಗಲೆಲ್ಲ ಇನ್ನೊಂದರಲ್ಲಿ ಕರೆಂಟ್ ಹುಟ್ಟೋದನ್ನು ಕಂಡರು. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಅದೇ ಮೂಲ.

ಬಾಸ್ ನಂಬದಿದ್ದರೂ ಕೂತಿರಿ ಅಂತ ನಾವು ಹೇಳುತ್ತಿಲ್ಲ. ಎಷ್ಟೋ ಕಡೆ ಬಿಟ್ಟು ಹೋಗೋದೇ ಸರಿ. ಆದರೆ ಫ್ಯಾರಡೆಗೆ ಆ ಲ್ಯಾಬ್‌ನಲ್ಲಿ ತಾನು ಮಾಡಬೇಕಾದ ಕೆಲಸ ಇನ್ನೂ ಬಾಕಿ ಇತ್ತು. ನಾಳೆ ಕೆಲಸಕ್ಕೆ ಸೇರಿ ರಾಜೀನಾಮೆ ಪತ್ರ ಟೈಪ್ ಮಾಡೋಕೆ ಕೂತಾಗ, ನಮಗೂ ಅಂಥ ಕೆಲಸ ಅಲ್ಲಿ ಉಳಿದಿದೆಯಾ ಅಂತ ಒಮ್ಮೆ ಕೇಳಿಕೊಳ್ಳೋಣ.