ಜಾನ್ ವೆಸ್ಲಿಯವರು ತಮ್ಮ ದೇಹವನ್ನು ಪಾಲಿಸಿದ ವಿಧ

ನಮ್ಮ ಸಭೆಗಳಲ್ಲಿ ಜಾನ್ ವೆಸ್ಲಿಯವರ ಹೆಸರನ್ನು ಕೇಳದವರು ವಿರಳ. ಮೈಸೂರು ಸೀಮೆಯಲ್ಲಿ ಸುವಾರ್ತೆಯನ್ನು ಸಾರಿ, ಶಾಲೆಗಳನ್ನೂ, ಮೈಸೂರು ಹಾಸನ ಪಟ್ಟಣಗಳಲ್ಲಿ ಆಸ್ಪತ್ರೆಗಳನ್ನೂ ಸ್ಥಾಪಿಸಿದ ವೆಸ್ಲಿಯನ್ ಮಿಶನ್ನು ಅವರ ಹೆಸರನ್ನೇ ಧರಿಸಿಕೊಂಡಿತ್ತು. ಆ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಐಕ್ಯವಾದವು. ವೆಸ್ಲಿಯವರು ತಮ್ಮ ಆಯುಷ್ಯದಲ್ಲಿ ಮಾಡಿದ ಪ್ರಸಂಗಗಳು ಸುಮಾರು 40,000ವೆಂದೂ, ಬಹುಮಟ್ಟಿಗೆ ಕುದುರೆಯ ಮೇಲೆ ಕುಳಿತು ಮಾಡಿದ ಪ್ರಯಾಣವು ಸುಮಾರು 2,50,000 ಮೈಲಿಗಳೆಂದೂ ಲೆಕ್ಕಹಾಕುವುದುಂಟು. ಇದನ್ನು ಕೇಳಿದವರು ಅವರನ್ನು ವಜ್ರಕಾಯರಾದ ಆಜಾನುಬಾಹುಗಳೆಂದು ಎಣಿಸಬಹುದು. ಆದರೆ ಅವರು ಕುಳ್ಳಾದ, ತೆಳ್ಳಗಿನ ಆಳು. ಐವತ್ತನೆಯ ವರುಷದಲ್ಲಿ ಮರಣದ ಬಾಗಿಲನ್ನು ಮುಟ್ಟಿ ಹಿಂದಿರುಗಿದವರು. ಅಂಥ ದೇಹವು 87 ವರುಷಗಳ ವರೆಗೆ ಕರ್ತನ ಕೆಲಸದಲ್ಲಿ ಹೇಗೆ ದುಡಿಯಿತೆಂಬದನ್ನು ತಿಳಿಯುವುದು ನಮ್ಮ ಸಭಾಸದರಿಗೆ ಪ್ರಯೋಜನಕರವಾದೀತೆಂದು ಈ ವೃತ್ತಾಂತವನ್ನು ಬರೆಯುತ್ತೇವೆ.

ವೆಸ್ಲಿಯವರು 1703ನೆಯ ಇಸವಿ ಜೂನ್ ತಿಂಗಳಲ್ಲಿ ಇಂಗ್ಲೆಂಡು ದೇಶದ ಎಪ್‌ವರ್ತ್ ಎಂಬ ಗ್ರಾಮದಲ್ಲಿ ಹುಟ್ಟಿದರು. ತಂದೆ ಸಾಮ್ಯುವೆಲರು ಆ ಊರಿನ ಸಭಾಪಾಲಕರು. ತಾಯಿ ಸುಸನ್ನಳು 19 ಮಕ್ಕಳನ್ನು ಹೆತ್ತು, ಅವರಲ್ಲಿ ಒಂಬತ್ತು ಮಂದಿಯನ್ನು ಶೈಶವದಲ್ಲಿಯೇ ಮಣ್ಣುಮಾಡಿದವಳು. ಬಡತನವೂ ಸಾಲವೂ ಬಿಡದಿದ್ದ ಆ ಮನೆಯಲ್ಲಿ ಆಕೆಯು ಊಟದ ವಿಷಯವಾಗಿ ಕಟ್ಟುನಿಟ್ಟಾದ ಕ್ರಮವನ್ನು ಇಟ್ಟಿದ್ದಳು. ನಿಯಮಿಸಿದ ಹೊತ್ತಿಗೆ ಊಟ; ನಡುನಡುವೆ ಏನನ್ನೂ ತಿನ್ನಲಾಗದು; ಅಡಿಗೆಯವರ ಬಳಿಗೆ ಹೋಗಿ ಬೇಡಲಾಗದು; ಬಡಿಸಿದ್ದನ್ನು ಅದು ಬೇಕು ಇದು ಬೇಡವೆನ್ನದೆ ಉಣ್ಣಬೇಕು. ಇದರಿಂದಾದ ಒಂದು ಲಾಭವನ್ನು ಆಕೆಯೇ ಬರೆದಿಟ್ಟಿದ್ದಾಳೆ: ಕಾಯಿಲೆ ಬಿದ್ದಾಗ ಎಷ್ಟು ಕಹಿಯಾದ ಔಷಧವನ್ನು ಕೊಟ್ಟರೂ ಮಕ್ಕಳು ತಕರಾರಿಲ್ಲದೆ ಕುಡಿಯುತ್ತಿದ್ದರಂತೆ. ಹಟಮಾರಿ ಕೂಸಿನ ಮೂಗು ಹಿಡಿದು ಕಷಾಯ ಹೊಯ್ದು ಸೋತಿರುವ ತಾಯಂದಿರು ಇದನ್ನು ಗಮನಿಸುವರೆಂದು ನಂಬುತ್ತೇವೆ.

1709ರಲ್ಲಿ ಆ ಮನೆಯು ಬೆಂಕಿಬಿದ್ದು ಸುಟ್ಟುಹೋಗುವಾಗ, ಮೇಲಂತಸ್ತಿನಲ್ಲಿ ಸಿಕ್ಕಿಕೊಂಡಿದ್ದ ಐದು ವರುಷದ ಜಾನನನ್ನು ನೆರೆಯವರು ಕಿಟಕಿಯಿಂದ ಎಳೆದು ಉಳಿಸಿದರು. 1714ರಲ್ಲಿ ಅವನು ಲಂಡನ್ ಪಟ್ಟಣದ ಚಾರ್ಟರ್‌ಹೌಸ್ ಪಾಠಶಾಲೆಗೆ ಸೇರಿದನು. ಅಲ್ಲಿ ದೊಡ್ಡ ಹುಡುಗರು ಚಿಕ್ಕವರ ಪಾಲಿನ ಮಾಂಸವನ್ನು ಕಸಿದುಕೊಳ್ಳುತ್ತಿದ್ದದರಿಂದ ಅವನಿಗೆ ಕೆಲವು ವರುಷ ಹೆಚ್ಚಾಗಿ ರೊಟ್ಟಿಯೇ ಆಹಾರವಾಯಿತು. ಆದರೆ ಪ್ರತಿದಿನ ಬೆಳಿಗ್ಗೆ ಶಾಲೆಯ ತೋಟವನ್ನು ಮೂರು ಸಾರಿ ಓಡಿ ಸುತ್ತಬೇಕೆಂದು ತಂದೆಯು ಅಪ್ಪಣೆಕೊಟ್ಟಿದ್ದನು. ಹುಡುಗನು ಅದನ್ನು ತಪ್ಪಿಸಲಿಲ್ಲ. ತಮ್ಮ ಆರೋಗ್ಯಕ್ಕೆ ಈ ಓಟವೂ ಒಂದು ಕಾರಣವೆಂದು ವೆಸ್ಲಿಯವರು ಮುಪ್ಪಿನಲ್ಲಿ ನೆನಸಿಕೊಳ್ಳುತ್ತಿದ್ದರು.

ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1724ರಲ್ಲಿ, ಜಾರ್ಜ್ ಚೇನ್ ಎಂಬ ವೈದ್ಯರು ಆರೋಗ್ಯವನ್ನೂ ದೀರ್ಘಾಯುಷ್ಯವನ್ನೂ ಕುರಿತು ಬರೆದ ಗ್ರಂಥವು ಅವರ ಕೈಗೆ ಸಿಕ್ಕಿತು. ಮಿತಾಹಾರ, ವ್ಯಾಯಾಮ, ಉಪ್ಪುಮಸಾಲೆಗಳ ವರ್ಜನ, ಇವು ಅದರ ಸಾರ. ಆ ಕಾಲದಲ್ಲಿಯೇ ಅವರಿಗೆ ಪ್ರತಿರಾತ್ರಿ ಹನ್ನೆರಡು ಒಂದು ಗಂಟೆಗೆ ಎಚ್ಚರವಾಗಿ ಬಹಳ ಹೊತ್ತು ನಿದ್ರೆ ಬಾರದಿರುತ್ತಿತ್ತು. ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಹಾಸಿಗೆಯಲ್ಲಿರುವುದೇ ಇದಕ್ಕೆ ಕಾರಣವೆಂದು ಊಹಿಸಿ, ಒಂದು ಅಲಾರಂ ಗಡಿಯಾರವನ್ನು ಸಂಪಾದಿಸಿ, ಮೊದಲು ಏಳು ಗಂಟೆಗೆ ಎದ್ದರು. ರಾತ್ರಿ ಎಚ್ಚರವು ತಪ್ಪಲಿಲ್ಲ. ಮರುದಿನ ಆರಕ್ಕೆ, ಆಮೇಲೆ ಐದಕ್ಕೆ, ಕೊನೆಗೆ ನಾಲ್ಕಕ್ಕೆ ಎದ್ದರು. ಅಂದಿನಿಂದ ಇಡೀ ರಾತ್ರಿ ನಿದ್ರೆ ಬಂದಿತು. ಹೀಗೆ ಹತ್ತಿದ ಅಭ್ಯಾಸವು ಅರುವತ್ತು ವರುಷ ನಡೆಯಿತು. ಒಕ್ಕಲಿನವರಿಗೆ ಕೋಳಿ ಕೂಗುವ ಹೊತ್ತಿಗೆ ಏಳುವುದು ಸೋಜಿಗವಲ್ಲ. ಇಷ್ಟು ನಿದ್ರೆ ಎಲ್ಲರಿಗೂ ಸಾಲುವುದೂ ಇಲ್ಲ. ತನ್ನ ದೇಹದ ಅಗತ್ಯವನ್ನು ತಾನೇ ಪರೀಕ್ಷಿಸಿ ತಿಳಿದುಕೊಂಡದ್ದು ಅವರ ವಿಶೇಷ.

1735ರಲ್ಲಿ ಅಮೇರಿಕದ ಜಾರ್ಜಿಯಕ್ಕೆ ಹೋಗುವಾಗ ಅವರೂ ತಮ್ಮ ಚಾರ್ಲ್ಸರೂ ಹಡಗಿನಲ್ಲಿ ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಟ್ಟು, ಅನ್ನ ಬಿಸ್ಕತ್ತುಗಳಿಂದ ಜೀವಿಸಿದರು. ಅಲ್ಲಿನ ಸೇವೆಯು ಕೈಗೂಡದೆ ಹಿಂದಿರುಗಿ, 1738 ಮೇ 24ರಂದು ಕ್ರಿಸ್ತನಲ್ಲಿ ರಕ್ಷಣೆಯ ಭರವಸವನ್ನು ಹೊಂದಿದ್ದನ್ನೂ, ಮರು ವರುಷದಿಂದ ಬಯಲಿನಲ್ಲಿ ಪ್ರಸಂಗಿಸತೊಡಗಿದ್ದನ್ನೂ ವಾಚಕರು ಬೇರೆ ಕಡೆಯಲ್ಲಿ ಓದಿರಬಹುದು.

ಬಡವರ ಮನೆಗಳಲ್ಲಿ ತಿರುಗಾಡಿದ ಮೇಲೆ, ಊಟವೂ ರೋಗವೂ ಆತ್ಮದ ಕಾರ್ಯಕ್ಕೆ ಹೊರಗಾದವುಗಳಲ್ಲವೆಂದು ಅವರಿಗೆ ತಿಳಿಯಿತು. ಆ ದಿನಗಳಲ್ಲಿ ಚಹವು ದುಬಾರಿ ಪದಾರ್ಥ. ಅರೆಹೊಟ್ಟೆಯ ಬಡವರೂ ಅದಕ್ಕೆ ಹಣ ಚೆಲ್ಲುತ್ತಿದ್ದರು. ಚಹ ಕುಡಿದ ಬೆಳಿಗ್ಗೆ ತಮ್ಮ ಕೈ ನಡುಗುವುದನ್ನೂ ವೆಸ್ಲಿಯವರು ಕಂಡಿದ್ದರು. ಇತರರಿಗೆ ಬುದ್ಧಿ ಹೇಳುವ ಮುಂಚೆ ತಾವೇ ಬಿಡಬೇಕೆಂದು 1746ರ ಜುಲೈಯಲ್ಲಿ, 26 ವರುಷದ ಆ ಅಭ್ಯಾಸವನ್ನು ಒಮ್ಮೆಗೇ ನಿಲ್ಲಿಸಿದರು. ಮೂರು ದಿನ ತಲೆಶೂಲೆ, ತೂಕಡಿಕೆ. ಮೂರನೆಯ ದಿನ ಜ್ಞಾಪಕಶಕ್ತಿಯೇ ಹೋದಂತಾಯಿತು. ಸಾಯಂಕಾಲ ಪ್ರಾರ್ಥಿಸಿದರು, ಬೆಳಗಾದಾಗ ಬಾಧೆಯು ನೀಗಿತ್ತು. ಅಭ್ಯಾಸವಾದ ಚಹವನ್ನಾಗಲಿ ಕಾಫಿಯನ್ನಾಗಲಿ ತಟ್ಟನೆ ಬಿಟ್ಟರೆ ಹೀಗೆ ತಲೆನೋಯುವುದೆಂದು ಈಗಿನ ವೈದ್ಯರೂ ಬಲ್ಲರು. ಬಹುಕಾಲದ ಮೇಲೆ ವೈದ್ಯರ ಸಲಹೆಯಂತೆ ಅವರು ತಿರಿಗಿ ಚಹ ಕುಡಿದರು. ಆದದರಿಂದ ಚಹವನ್ನು ಪಾಪವೆಂದು ಹೇಳಲು ಅವರ ಹೆಸರನ್ನು ಎತ್ತುವವರು ಸ್ವಲ್ಪ ತಡೆಯಬೇಕು.

ಅದೇ ವರುಷದ ಡಿಸೆಂಬರಿನಲ್ಲಿ ಅವರು ಲಂಡನ್ನಿನಲ್ಲಿ ಫಿರಂಗಿ ಎರಕದ ಹಳೆಯ ಕಾರ್ಖಾನೆಯೊಂದರಲ್ಲಿದ್ದ ತಮ್ಮ ಪ್ರಾರ್ಥನಾಮಂದಿರದಲ್ಲಿ ಬಡವರಿಗೆ ಧರ್ಮೌಷಧವನ್ನು ಕೊಡಲಾರಂಭಿಸಿದರು. ಔಷಧ ಕೂಡಿಸುವವನೊಬ್ಬನನ್ನೂ ಶಸ್ತ್ರವೈದ್ಯನೊಬ್ಬನನ್ನೂ ಸಹಾಯಕ್ಕೆ ಇಟ್ಟುಕೊಂಡು, ಸಾಮಾನ್ಯ ರೋಗಗಳನ್ನು ಮಾತ್ರ ತಾವು ನೋಡಿ, ಕಠಿಣವಾದವುಗಳನ್ನು ವೈದ್ಯರಿಗೆ ಬಿಟ್ಟರು. ಬಂದವರು ತಮ್ಮ ಸಂಘದವರೋ ಅಲ್ಲವೋ ಎಂದು ವಿಚಾರಿಸಲಿಲ್ಲ. ಐದು ತಿಂಗಳಲ್ಲಿ 500ಕ್ಕಿಂತ ಹೆಚ್ಚು ಜನಕ್ಕೆ ಔಷಧವು ಸಿಕ್ಕಿತು. ತಗಲಿದ ವೆಚ್ಚ ಸುಮಾರು 40 ಪೌಂಡು. ವಾಸಿಯಾಗವೆಂದು ಕೈಬಿಟ್ಟಿದ್ದ ರೋಗಗಳಿಂದ 71 ಮಂದಿ ಗುಣಹೊಂದಿದರೆಂದು ಬರೆಯುತ್ತಾ, ಹೇಳಿದ ಪಥ್ಯವನ್ನು ನಾಲ್ವರಲ್ಲಿ ಮೂವರು ಪಾಲಿಸಲೇ ಇಲ್ಲವೆಂದು ಸೇರಿಸಿದ್ದಾರೆ. ಮಿಶನ್ ಆಸ್ಪತ್ರೆಗಳ ದಾದಿಯರನ್ನು ಕೇಳಿದರೆ ಇದಕ್ಕೆ ಸಾಕ್ಷಿ ಹೇಳಿಯಾರು.

1747ರಲ್ಲಿ ಅವರು ಪ್ರಿಮಿಟಿವ್ ಫಿಜಿಕ್ ಎಂಬ ಸಣ್ಣ ವೈದ್ಯಗ್ರಂಥವನ್ನು ಹೊರಡಿಸಿದರು. ಒಂದು ಶಿಲ್ಲಿಂಗಿಗೆ ಮಾರುತ್ತಿದ್ದ ಈ ಪುಸ್ತಕವು ಅವರ ಜೀವಿತಕಾಲದಲ್ಲಿಯೇ ಇಪ್ಪತ್ತಕ್ಕಿಂತ ಹೆಚ್ಚು ಸಾರಿ ಅಚ್ಚಾಯಿತು. ಅದರಲ್ಲಿನ ಚಿಕಿತ್ಸೆಗಳನ್ನು ಯಾರೂ ಈಗ ಅನುಸರಿಸಬಾರದು. ಬೋಳುತಲೆಗೆ ಈರುಳ್ಳಿ ತಿಕ್ಕಿ ಜೇನು ಹಚ್ಚುವುದರಿಂದ ಕೇಡಿಲ್ಲವಾದರೂ, ಕರುಳಿನ ತೊಡಕಿಗೆ ಪಾದರಸವನ್ನು ಕುಡಿಸುವುದು ಭಯಂಕರ. 1776ರಲ್ಲಿ ವಿಲಿಯಂ ಹಾಸ್ ಎಂಬ ವೈದ್ಯರು ಇಡೀ ಪುಸ್ತಕವನ್ನು ಖಂಡಿಸಿ ಬರೆದದ್ದು ನ್ಯಾಯವೇ. ಆದರೆ ಅದರ ಮುನ್ನುಡಿಯಲ್ಲಿ ಹೆಚ್ಚಾಗಿ ಚೇನರಿಂದ ತೆಗೆದ ನಿಯಮಗಳು ಬಹುಪಾಲು ಇಂದಿಗೂ ನಿಲ್ಲುತ್ತವೆ. ಮನೆಯೂ ಬಟ್ಟೆಯೂ ಮೈಯೂ ಶುಚಿಯಾಗಿರಬೇಕು. ಉಪ್ಪಿನಲ್ಲಿಟ್ಟದ್ದು, ಹೊಗೆಗೆ ಹಾಕಿದ್ದು, ಬಹಳ ಮಸಾಲೆಯದು ದೇಹಕ್ಕೆ ಹಿತವಲ್ಲ. ದಿನಕ್ಕೆ ಎಂಟು ಔನ್ಸು ಮಾಂಸ, ಹನ್ನೆರಡು ಔನ್ಸು ಸಸ್ಯಾಹಾರ ಸಾಕು. ಪಾನಗಳಲ್ಲಿ ನೀರೇ ಉತ್ತಮ. ರಾತ್ರಿಯೂಟವು ಹಗುರವಾಗಿಯೂ ಬೇಗನೆಯೂ ಆಗಬೇಕು. ಓದುಬರಹದವರು ದಿನಕ್ಕೆ ಎರಡು ಮೂರು ತಾಸು ಮೈಗೆ ಕೆಲಸ ಕೊಡಬೇಕು. ನಡಿಗೆಯು ಎಲ್ಲಕ್ಕಿಂತ ಮೇಲು. ಕೋಪ ಚಿಂತೆಗಳು ಊಟದಷ್ಟೇ ದೇಹವನ್ನು ತಾಕುವುದರಿಂದ ದೇವರ ಪ್ರೀತಿಯೇ ಅವುಗಳಿಗೆ ಔಷಧ. ತಮ್ಮ ಉಪದೇಶಿಗಳಿಗೂ ಶುಚಿಯಾಗಿರ್ರಿ, ಹೇನುಗಳನ್ನು ನೀಗಿಸಿಕೊಳ್ಳಿರಿ, ಹೊಗೆಸೊಪ್ಪು, ನಸ್ಯ, ಸಾರಾಯಿಗಳನ್ನು ಮುಟ್ಟಬೇಡಿರಿ ಎಂದು ಬರೆಯಲು ಅವರು ನಾಚಲಿಲ್ಲ.

ಇಷ್ಟನ್ನು ಬೋಧಿಸಿದವರೇ 1753ರ ನವೆಂಬರಿನಲ್ಲಿ ಕೆಮ್ಮು, ಜ್ವರ, ಎದೆನೋವುಗಳಿಂದ ಕುಸಿದುಬಿದ್ದರು. ಬಳಲಿಕೆಯನ್ನು ಲೆಕ್ಕಿಸದೆ ಮಳೆಗಾಳಿಯಲ್ಲಿ ತಿರುಗಿದ ಫಲ. ಕ್ಷಯವೆಂದೇ ಎಲ್ಲರೂ ನಂಬಿದರು. ಅವರೂ ನಂಬಿ, ತಮ್ಮ ಸಮಾಧಿಯ ಮೇಲೆ ಕೆತ್ತಿಸತಕ್ಕ ಮಾತುಗಳನ್ನು ತಾವೇ ಬರೆದಿಟ್ಟರು. ವೈದ್ಯರಾದ ಫಾದರ್‌ಗಿಲ್ಲರು, ಪಟ್ಟಣದಲ್ಲಿ ಒಂದು ದಿನವೂ ನಿಲ್ಲದೆ ಹಳ್ಳಿಯ ಗಾಳಿಗೆ ಹೋಗಿ, ವಿಶ್ರಾಂತಿ ತೆಗೆದುಕೊಂಡು, ಕತ್ತೆಯ ಹಾಲು ಕುಡಿದು, ದಿನಾಲು ಸ್ವಲ್ಪ ಕುದುರೆ ಸವಾರಿ ಮಾಡಬೇಕೆಂದು ವಿಧಿಸಿದರು. ಇತರರಿಗೆ ಪಥ್ಯ ಹೇಳುತ್ತಿದ್ದವರು ಈಗ ಮಗುವಿನ ಹಾಗೆ ವಿಧೇಯರಾದರು. ಸಭೆಗಳು ಅವರಿಗಾಗಿ ಪ್ರಾರ್ಥಿಸಿದವು. ಪ್ರಸಂಗಪೀಠಕ್ಕೆ ಹೋಗಲಾರದ ಆ ತಿಂಗಳುಗಳಲ್ಲಿಯೇ ಹೊಸ ಒಡಂಬಡಿಕೆಗೆ ಟಿಪ್ಪಣಿಗಳನ್ನು ಬರೆಯತೊಡಗಿದರು. ಅವು 1755ರಲ್ಲಿ ಅಚ್ಚಾದವು. ಸಾಯುವೆನೆಂದುಕೊಂಡವರಿಗೆ ಮುಂದೆ 37 ವರುಷಗಳು ದೊರೆತವು.

1769ರಲ್ಲಿ ತೂಗಿಸಿಕೊಂಡಾಗ ಅವರ ತೂಕ 122 ಪೌಂಡು. 1783ರಲ್ಲಿಯೂ ಒಂದು ಪೌಂಡು ಹೆಚ್ಚುಕಡಿಮೆಯಿಲ್ಲದೆ ಅಷ್ಟೇ. ಆದರೂ ದೇಹವನ್ನು ಕಾಯುವುದೇ ಅವರ ಗುರಿಯಾಗಿರಲಿಲ್ಲವೆಂಬದಕ್ಕೆ 1785ರ ಜನವರಿಯೇ ಸಾಕ್ಷಿ. ಆಗ 81 ವರುಷದ ಮುದುಕರು. ಬಡವರಿಗೆ ಬಟ್ಟೆ ಕೊಡಿಸಲು, ಕರಗುತ್ತಿದ್ದ ಹಿಮದಲ್ಲಿ ಕಣಕಾಲು ಮುಳುಗುವಂತೆ ಲಂಡನ್ ಬೀದಿಗಳಲ್ಲಿ ಬೆಳಗಿನಿಂದ ಸಂಜೆಯ ವರೆಗೆ ನಡೆದು ಬೇಡಿ 200 ಪೌಂಡು ಕೂಡಿಸಿದರು. ವಾರದ ಕೊನೆಗೆ ಕಠಿಣವಾದ ಭೇದಿಯು ಹಿಡಿದು ಮಲಗಿಸಿತು. ವೈದ್ಯರು ಬಂದು ಗುಣಪಡಿಸಿದರು. ತಮ್ಮ ಪುಸ್ತಕದ ನಿಯಮವನ್ನು ತಾವೇ ಮುರಿದದ್ದಕ್ಕೆ ಅವರು ಪಶ್ಚಾತ್ತಾಪಪಟ್ಟಂತೆ ಕಾಣುವುದಿಲ್ಲ.

1791 ಫೆಬ್ರವರಿ 23ರಂದು ಲೆದರ್‌ಹೆಡ್ ಎಂಬಲ್ಲಿ ಕೊನೆಯ ಪ್ರಸಂಗ ಮಾಡಿ, ಮಾರ್ಚ್ 2ರಂದು ಲಂಡನ್ನಿನ ತಮ್ಮ ಮನೆಯಲ್ಲಿ ಕರ್ತನಲ್ಲಿ ನಿದ್ರೆಹೋದರು. ಶವದ ಬಂಡಿ ಬೇಡ, ಆಡಂಬರ ಬೇಡ, ಆರು ಮಂದಿ ಬಡವರು ತಮ್ಮ ದೇಹವನ್ನು ಹೊರಲಿ, ಅವರಿಗೆ ತಲೆಗೊಂದು ಪೌಂಡು ಕೊಡಲಿ ಎಂದು ಮರಣಪತ್ರದಲ್ಲಿ ಬರೆದಿದ್ದರು. ಜನಸಂದಣಿಗೆ ಅಂಜಿ ಮಾರ್ಚ್ 9ರಂದು, ಇನ್ನೂ ಕತ್ತಲಿರುವಾಗ, ಬೆಳಗಿನ ಐದು ಗಂಟೆಯ ಮೇಲೆ ಅವರನ್ನು ಸಮಾಧಿಮಾಡಿದರು. ಐವತ್ತು ವರುಷ ಅವರು ಪ್ರಸಂಗಕ್ಕೆ ನಿಲ್ಲುತ್ತಿದ್ದ ಹೊತ್ತೂ ಅದೇ ಆಗಿತ್ತು.