ಪುರಾಣದ ಪ್ರೇಮಕ್ಕೆ ಮುಗುಳ್ನಗೆಯಿತ್ತ ರವಿವರ್ಮರು

ದೇವರ ಜಗುಲಿಯ ಮೇಲಿನ ಲಕ್ಷ್ಮೀ, ಸರಸ್ವತಿಯರ ಪಟಗಳನ್ನು ನೋಡುತ್ತಲೇ ಚಪಳಗಾಂವದ ನಾವೆಲ್ಲ ಬೆಳೆದೆವು. ಅಂತಹ ಪಟಗಳನ್ನು ಮನೆಮನೆಗೆ ತಲುಪಿಸಿದವರಲ್ಲಿ ಅಗ್ರಗಣ್ಯರು ರಾಜಾ ರವಿವರ್ಮರು.

ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ 1848ರ ಏಪ್ರಿಲ್ 29ರಂದು ಜನಿಸಿದ ಅವರು, ಬಾಲ್ಯದಲ್ಲಿಯೇ ತಿರುವನಂತಪುರದ ಅರಮನೆಯ ಆಶ್ರಯ ಪಡೆದರು. ಅಲ್ಲಿಗೆ ಬಂದಿದ್ದ ಯುರೋಪಿನ ಚಿತ್ರಕಾರನ ಕೈಚಳಕವನ್ನು ಕಂಡು, ತೈಲವರ್ಣದ ವಿದ್ಯೆಯನ್ನು ಬಹುಮಟ್ಟಿಗೆ ಸ್ವಂತ ಸಾಧನೆಯಿಂದಲೇ ಕರಗತ ಮಾಡಿಕೊಂಡರು. 1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಅವರಿಗೆ ಚಿನ್ನದ ಪದಕ ದೊರೆಯಿತು.

ಹದಿನೈದನೆಯ ಶತಮಾನದ ಇಟಲಿಯಲ್ಲಿ ಬೊಟ್ಟಿಚೆಲ್ಲಿ ಎಂಬ ಚಿತ್ರಕಾರನು ಪ್ರೇಮದೇವತೆಯ ಬಳಿ ಮೈಮರೆತು ಮಲಗಿದ ಯುದ್ಧದೇವನನ್ನೂ, ಅವನ ಆಯುಧದೊಡನೆ ಆಡುವ ತುಂಟ ಮರಿಗಳನ್ನೂ ಚಿತ್ರಿಸಿದ್ದನು. ಪ್ರೇಮದ ಮುಂದೆ ಶೂರನೂ ನಗೆಗೀಡಾಗುವನೆಂಬುದೇ ಅದರ ಸಾರ. ಅಂತಹುದೇ ವಿನೋದವನ್ನು ನಾವು ರವಿವರ್ಮರಲ್ಲಿಯೂ ಕಾಣುತ್ತೇವೆ. ಅವರ ಶಕುಂತಲೆ ಕಾಲಿನ ಮುಳ್ಳು ತೆಗೆಯುವ ನೆವದಿಂದ ಹಿಂದಿರುಗಿ ದುಷ್ಯಂತನನ್ನು ಅರಸುತ್ತಾಳೆ. ನೋಡುವ ನಮಗೆ ಆ ನೆವ ತಿಳಿದುಹೋಗುತ್ತದೆ. ಮೇನಕೆ ಹಸುಗೂಸನ್ನು ಮುಂದೊಡ್ಡಿದಾಗ ಮಹಾತಪಸ್ವಿ ವಿಶ್ವಾಮಿತ್ರನು ಮುಖ ತಿರುಗಿಸುತ್ತಾನೆ. ಅಲ್ಲಿ ನಗೆಯೊಡನೆ ತಾಯಿ ಮಗುವಿನ ನೋವೂ ಬೆರೆತಿದೆ.

ಈ ಶಕುಂತಲಾ ಜನನದ ಚಿತ್ರವೇ, 1894ರಲ್ಲಿ ಅವರು ಮುಂಬಯಿಯ ಘಾಟಕೋಪರದಲ್ಲಿ ಸ್ಥಾಪಿಸಿದ ಶಿಲಾಮುದ್ರಣಾಲಯದಿಂದ ಹೊರಬಂದ ಮೊದಲ ಪಟ. ಅರಮನೆಗಳಿಗೆ ಮೀಸಲಾಗಿದ್ದ ಚಿತ್ರಗಳು ಬಡವರ ಗೋಡೆಗೂ ಬಂದವು. ಗುಡಿಯ ಬಾಗಿಲು ಮುಚ್ಚಿದ್ದವರಿಗೂ ದೇವರ ದರ್ಶನ ಮನೆಯಲ್ಲಿಯೇ ಆಯಿತು. ಮುಂದೆ ಮುದ್ರಣಾಲಯವು ಮಳವಲಿಗೆ ಸಾಗಿತು. ಸೋಲಾಪುರದಿಂದ ಮುಂಬಯಿಗೆ ಹೋಗುವ ರೈಲು ಲೋಣಾವಳೆಗೆ ಮುನ್ನ ದಾಟುವ ನಿಲ್ದಾಣವದು. ಆದರೆ ಸಾಲದ ಭಾರ ಹೆಚ್ಚಿ, ರವಿವರ್ಮರು ಅದನ್ನು ಜರ್ಮನಿಯ ಶ್ಲೈಶರ್ ಎಂಬವರಿಗೆ ಮಾರಬೇಕಾಯಿತು. ಪಟಗಳು ಊರೂರು ಸೇರಿದವು. ಅದರ ಲಾಭ ಅವರ ಕೈ ಸೇರಲಿಲ್ಲ.

ಸಂಗಡವೇ ದುಡಿದ ತಮ್ಮ ರಾಜರಾಜವರ್ಮರು 1905ರಲ್ಲಿ ತೀರಿಕೊಂಡರು. ಆ ದುಃಖದಲ್ಲಿಯೂ ಮೈಸೂರು ಅರಮನೆಗಾಗಿ ಪುರಾಣಚಿತ್ರಗಳನ್ನು ರಚಿಸಿದ ರವಿವರ್ಮರು, 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ನಿಧನ ಹೊಂದಿದರು. ಅವರ ಕೃತಿಗಳಲ್ಲಿ ಭಾರತೀಯತೆಯಿಲ್ಲವೆಂದು ಸೋದರಿ ನಿವೇದಿತಾ, ಆನಂದ ಕುಮಾರಸ್ವಾಮಿ ಮೊದಲಾದವರು ಆಕ್ಷೇಪಿಸಿದರು. ಆ ವಾದವನ್ನು ವಿದ್ವಾಂಸರಿಗೆ ಬಿಡೋಣ. ಪುರಾಣದವರೂ ನಮ್ಮಂತೆಯೇ ನಾಚಿದರು, ನೆವ ಹೂಡಿದರು, ತಪ್ಪಿದರು ಎಂಬುದನ್ನು ಅಕ್ಷರ ಬಾರದ ನಮ್ಮ ಹಿರಿಯರೂ ಕಣ್ಣಾರೆ ಕಂಡದ್ದು ಇಂತಹ ಪಟಗಳಲ್ಲಿಯೇ. ಆ ಋಣವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ.